ಇಪ್ಪತ್ತೈದನೆಯ ಬೀಜ

ಹುಲಗಮ್ಮನ ಎಲೆ ಅಡಿಕೆ ಸಂಚಿಗೆ ನಾಲ್ಕು ಅರೆ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಮೂರನೆಯದರಲ್ಲಿ ಸುಣ್ಣದ ಡಬ್ಬಿಯ ಜೊತೆಗೆ ಮೊಬೈಲಿನ ಚಾರ್ಜರು. ನಾಲ್ಕನೆಯದರಲ್ಲಿ ಎಣಿಸಿ ಇಟ್ಟ ಐವತ್ತು ಹುಣಸೆ ಬೀಜ. ಹೋದ ವರ್ಷದ ತನಕ ಅಲ್ಲಿ ಕಾಚು, ಲವಂಗ ಇರುತ್ತಿದ್ದವು. ಬೀಜ ಬಂದು ಕೂತದ್ದು ಒಂದು ಜಗಳದಿಂದ.

ತಳಕಲ್ಲಿನ ಹೆಂಗಸರು ಪ್ರತಿ ಮುಂಗಾರಿನಲ್ಲಿ, ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದ ಕೂಡಲೇ, ಶ್ರೀರಾಮನಗರದ ಕಡೆ ಭತ್ತದ ನಾಟಿಗೆ ಹೋಗುತ್ತಾರೆ. ಹದಿನೈದು ದಿನ ಅಲ್ಲೇ ಗದ್ದೆಯ ಪಕ್ಕದ ಶೆಡ್ಡಿನಲ್ಲಿ ಉಳಿದು, ಬೆನ್ನು ಬಗ್ಗಿಸಿ ಸಸಿ ನಾಟಿ, ಬೆನ್ನು ನೀವಿಕೊಳ್ಳುತ್ತ ಊರಿಗೆ ಮರಳುತ್ತಾರೆ. ಈ ಟೋಳಿಗೆ ಏಳು ವರ್ಷದಿಂದ ಹುಲಗಮ್ಮನೇ ಮುಂದಾಳು. ಐವತ್ತೆರಡು ವಯಸ್ಸು, ಒಂದು ಕೂಗು ಹಾಕಿದರೆ ಮೂರು ಗದ್ದೆಯಾಚೆಗಿನ ಕೊಕ್ಕರೆ ಏಳುವಂಥ ಗಂಟಲು.

ಹೋದ ವರ್ಷ ಕುಷ್ಟಗಿ ತಾಲೂಕಿನ ಹನುಮಸಾಗರದ ಹೆಂಗಸರೂ ಟೋಳಿಗೆ ಸೇರಿಕೊಂಡಿದ್ದರು. ಸಜ್ಜೆ, ಜೋಳದ ಹೊಲ ಬಲ್ಲವರು. ಮೊಣಕಾಲು ಮಟ್ಟದ ಕೆಸರಿಗೆ ಹೊಸಬರು. ಹುಲಗಮ್ಮ ಅವತ್ತು ಕಣ್ಣಳತೆಯಲ್ಲೇ ‘ನೀವಿತ್ತ, ನೀವತ್ತ’ ಎಂದು ಗುಂಪು ಮಾಡಿಬಿಟ್ಟಳು. ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ವಿರೂಪಾಕ್ಷಮ್ಮನ ಪಾಲಿಗೆ ನಾಟಿ ಬಲ್ಲವರು ಇಬ್ಬರೇ ಬಂದರು, ಹೊಸಬರು ಏಳು ಮಂದಿ. ಉಳಿದ ಗುಂಪಿನವರು ತಮ್ಮ ತಮ್ಮ ಮಡಿ, ಅಂದರೆ ಬದು ಕಟ್ಟಿದ ಗದ್ದೆಯ ತುಂಡು, ಮುಗಿಸಿ ಬದುವಿನ ಮೇಲೆ ಕೂತು ಎಲೆ ಹಾಕಿಕೊಳ್ಳುವಾಗ ವಿರೂಪಾಕ್ಷಮ್ಮನ ಮಡಿ ಅರ್ಧವೂ ತುಂಬಿರಲಿಲ್ಲ. ಕೂತವರು ಬರೀ ಕೂತಿರಲಿಲ್ಲ, ಅವಳ ಮೇಲೆ ಪದ ಕಟ್ಟಿ ಹಾಡಿದರು. ವಿರೂಪಾಕ್ಷಮ್ಮ ಕೈಯಲ್ಲಿದ್ದ ಸಸಿಯ ಕಟ್ಟನ್ನು ಕಾಲುವೆಗೆ ಎಸೆದಳು. ಮರುದಿನ ಹನ್ನೊಂದು ಮಂದಿಯನ್ನು ಕಟ್ಟಿಕೊಂಡು ಊರಿನ ಬಸ್ಸು ಹತ್ತಿದಳು. ಉಳಿದ ಗದ್ದೆಯನ್ನು ಸಾಹುಕಾರ ಸೂರಿಬಾಬು ಬಾಡಿಗೆಯ ನಾಟಿ ಯಂತ್ರ ತರಿಸಿ ಮುಗಿಸಿಕೊಂಡ.

ಅಂದಿನಿಂದ ನೆಗೆಣ್ಣಿಯರ ನಡುವೆ ಮಾತಿಲ್ಲ. ಆದರೆ ಎರಡು ಮನೆಗೂ ಒಂದೇ ಗೋಡೆ, ಒಂದೇ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಒಂದೇ ಎಮ್ಮೆ. ಹೇಳಬೇಕಾದದ್ದನ್ನೆಲ್ಲ ಇಬ್ಬರೂ ಎಮ್ಮೆಗೆ ಹೇಳುತ್ತಿದ್ದರು.

“ಏನ ಎಮ್ಮಿ, ಕೆಲವರು ಮುಂಜಾನಿ ಏಳು ಆದ್ರೂ ಅಂಗಳ ಕಸ ಹೊಡಿಯೂದಿಲ್ಲ ನೋಡು,” ಎಂದು ಒಬ್ಬಳು ಹಿಂಡಿ ಹಾಕುತ್ತ ಹೇಳಿದರೆ, ಇನ್ನೊಬ್ಬಳು ಸಂಜೆ ಹಾಲು ಹಿಂಡುತ್ತ, “ಎಮ್ಮಿ, ಕೆಲವರಿಗೆ ತಮ್ಮ ಅಂಗಳಕ್ಕಿಂತ ಮಂದಿ ಅಂಗಳದ ಚಿಂತಿ ಭಾಳ,” ಎನ್ನುತ್ತಿದ್ದಳು. ಎಮ್ಮೆ ಇಬ್ಬರ ಮಾತನ್ನೂ ಸಮನಾಗಿ ಕೇಳಿಸಿಕೊಂಡು ಸಮನಾಗಿ ಹಾಲು ಕೊಡುತ್ತಿತ್ತು.

ಎಷ್ಟೇ ಆಗಲಿ, ತಪ್ಪು ತನ್ನ ಹಂಚಿಕೆಯದೇ ಎಂದು ಹುಲಗಮ್ಮನಿಗೆ ಒಳಗೊಳಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಎಮ್ಮೆಗೂ ಹೇಳಿರಲಿಲ್ಲ. ಅದರ ಬದಲು ತನ್ನ ಅಪ್ಪನ ಕಸುಬನ್ನು ನೆನಪು ಮಾಡಿಕೊಂಡಳು. ಅಪ್ಪ ಹಗ್ಗ ಹೊಸೆಯುವವನು. ಉದ್ದದ್ದೊಂದು, ಗಿಡ್ಡದ್ದೊಂದು ಹಗ್ಗ ಕೊಟ್ಟು, ಎರಡನ್ನೂ ಒಂದೇ ಅಳತೆಯ ತುಂಡು ಮಾಡು, ತುಂಡು ಆದಷ್ಟು ಉದ್ದ ಇರಲಿ, ಚೂರೂ ಹಾಳಾಗಬಾರದು ಎಂದರೆ ಅವನು ಗಜಕಡ್ಡಿ ಹಿಡಿಯುತ್ತಿರಲಿಲ್ಲ. ಗಿಡ್ಡ ಹಗ್ಗವನ್ನು ಉದ್ದದ್ದರ ಮಗ್ಗುಲಿಗೆ ಹಿಡಿದು, ಅಷ್ಟನ್ನು ಉದ್ದದ್ದರಲ್ಲಿ ಮಡಚಿ ಬಿಡುತ್ತಿದ್ದ. ಮಿಕ್ಕ ಭಾಗವನ್ನು ಈಗ ಗಿಡ್ಡ ಹಗ್ಗದ ಮಗ್ಗುಲಿಗೆ ಹಿಡಿಯುತ್ತಿದ್ದ. ಹೀಗೆ ದೊಡ್ಡದರಿಂದ ಸಣ್ಣದನ್ನು ಕಳೆಯುತ್ತ ಕಳೆಯುತ್ತ ಕೊನೆಗೆ ಎರಡೂ ಸಮ ಬಂದು ನಿಲ್ಲುವ ಅಳತೆ ಇದೆಯಲ್ಲ, ಅದೇ ತುಂಡಿನ ಅಳತೆ.

ಹಗ್ಗಕ್ಕೆ ಆಗುವುದು ಹೆಂಗಸರಿಗೆ ಯಾಕೆ ಆಗಬಾರದು ಎಂದುಕೊಂಡು ಹುಲಗಮ್ಮ ಹುಣಸೆ ಬೀಜ ಹಿಡಿದಿದ್ದಳು.

ಈ ವರ್ಷ ಹೊರಡುವ ಹಿಂದಿನ ಸಂಜೆ ಸೂರಿಬಾಬುವಿನ ಫೋನು ಬಂತು. ಅವನ ತಾತನ ಕಾಲಕ್ಕೇ ಆಂಧ್ರದಿಂದ ಬಂದು ಕಾಲುವೆ ದಂಡೆಗೆ ನೆಲೆಸಿದ ಮನೆತನ. ಕನ್ನಡ ಮಾತಾಡುತ್ತಲೇ ತೆಲುಗಿನ ಕಡೆ ವಾಲುವ ನಾಲಗೆ.

“ಏಮ್ಮಾ ಹುಲಗಮ್ಮಾ, ಈ ಸಾರಿ ಜಗಳ ಗಿಗಳ ಇಲ್ಲ ಕದಾ? ನಾಳೆ ಆರು ಮಡಿ ಹದ ಮಾಡಸ್ತೀನಿ. ಹದ ಮಾಡಿದ ಮಡಿ ಎಲ್ಲಾ ಹೊತ್ತು ಮುಳಗೂದರಾಗ ತುಂಬಬೇಕು. ಒಂದು ಮಡಿ ಖಾಲಿ ಉಳೀತಂದ್ರ ನಾಡದು ಮಷೀನು ಬರತೈತಿ. ಬಂದ ಮಷೀನು ಒಂದು ಮಡಿಗೆ ಬಂದು ಹೋಗಂಗಿಲ್ಲ, ಗೊತ್ತಲ್ಲ.”

ಹುಲಗಮ್ಮನಿಗೆ ಗೊತ್ತಿತ್ತು. ಯಂತ್ರ ಒಮ್ಮೆ ಗದ್ದೆಗೆ ಇಳಿದರೆ ಈ ವರ್ಷದ ಹದಿನೈದು ದಿನವೂ ಹೋಯಿತು, ಮುಂದಿನ ವರ್ಷಕ್ಕೆ ಫೋನೂ ಬರುವುದಿಲ್ಲ, ಏಳು ವರ್ಷದ ಟೋಳಿ ಅಲ್ಲಿಗೆ ಮುಗಿಯಿತು.

ಅದರ ಬೆನ್ನಿಗೇ ಹನುಮಸಾಗರದಿಂದ ರಾಜಾಬೀ ಫೋನು ಮಾಡಿದಳು. ಆ ಊರಿನ ಹೆಂಗಸರಿಗೆ ಈ ಸಲ ಅವಳೇ ಮುಂದಾಳು; ಹೊಸದಾಗಿ ಸಿಕ್ಕ ಜವಾಬ್ದಾರಿ, ದನಿಯಲ್ಲೇ ಠೀವಿ ಕೇಳುತ್ತಿತ್ತು.

“ಅಕ್ಕಾ, ಎರಡು ಕ್ರೂಸರ್ ಮಾಡೀವಿ. ಅಂಗಳದಾಗ ಎರಡು ಸಾಲು ಕುಂದ್ರಿಸಿ ನಾನ ಎಣಿಸೀನಿ. ಇದರಾಗ ಒಂಬತ್ತು, ಅದರಾಗ ಒಂಬತ್ತು.”

“ಖರೇನ?”

“ಮುಟ್ಟಿ ಎಣಿಸೀನಕ್ಕ.”

ಹದಿನೆಂಟು. ತಳಕಲ್ಲಿನವರು ಇಪ್ಪತ್ನಾಲ್ಕು. ಹುಲಗಮ್ಮ ಪಡಸಾಲೆಯಲ್ಲಿ ಎರಡು ಸಾಲು ಬೀಜ ಹಚ್ಚಿದಳು. ಅವಳ ಸೊಸೆ ಲಲಿತಾ, ಹತ್ತನೆಯ ತರಗತಿ ಪಾಸಾದವಳು, ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

“ಎರಡು ಊರಿನವರೂ ಎಲ್ಲಾ ಗುಂಪಿನ್ಯಾಗೂ ಸಮ ಬರಬೇಕು,” ಎಂದಳು ಹುಲಗಮ್ಮ, ಬೀಜ ಸರಿಸುತ್ತ. “ಈ ಗುಂಪಿಗೆ ಬಲ್ಲವರು ಹೆಚ್ಚು, ಆ ಗುಂಪಿಗೆ ಕಡಿಮಿ ಅನ್ನೂ ಮಾತ ಬರಬಾರದು. ಮತ್ತ ಗುಂಪು ಆದಷ್ಟು ಹೆಚ್ಚಾಗಬೇಕು. ದೊಡ್ಡ ಗುಂಪು ಮಾಡಿದ್ರ ಕೈಗಿಂತ ಬಾಯಿ ಹೆಚ್ಚು ಆಡತಾವ.”

ಇಪ್ಪತ್ನಾಲ್ಕರಲ್ಲಿ ಹದಿನೆಂಟು ತೆಗೆದಳು, ಆರು ಉಳಿಯಿತು. ಹದಿನೆಂಟರಲ್ಲಿ ಆರು ತೆಗೆದಳು, ಹನ್ನೆರಡು. ಮತ್ತೆ ಆರು ತೆಗೆದಳು, ಆರು. ಎರಡು ಸಾಲೂ ಸಮ ಬಂದು ನಿಂತವು.

“ಆರು ಗುಂಪು. ಒಂದೊಂದರಾಗ ನಮ್ಮವರು ನಾಲ್ಕು, ಅವರು ಮೂರು.”

ಲಲಿತಾ ಅಷ್ಟರೊಳಗೆ ಹಿಟ್ಟಿನ ಬೆರಳಿನಿಂದ ನೆಲದ ಮೇಲೆ ಬರೆದಿದ್ದಳು. “ನಾವು ಸಾಲ್ಯಾಗ ಬ್ಯಾರೆ ನಮೂನಿ ಮಾಡತಿದ್ವಿ ಅತ್ತಿ. ಇಪ್ಪತ್ನಾಲ್ಕು ಯಾವ್ಯಾವುದರಿಂದ ಭಾಗ ಹೋಗತೈತಿ, ಹದಿನೆಂಟು ಯಾವ್ಯಾವುದರಿಂದ ಹೋಗತೈತಿ, ಎಲ್ಲಾ ಬರಿಯೂದು. ಎರಡರಾಗೂ ಇರೂದು ಒಂದು, ಎರಡು, ಮೂರು, ಆರು. ಎಲ್ಲಾಕ್ಕಿಂತ ದೊಡ್ಡದು ಆರು. ಅದಕ್ಕ ಮಹತ್ತಮ ಸಾಮಾನ್ಯ ಅಪವರ್ತನ ಅಂತಾರ.”

“ಅಷ್ಟುದ್ದ ಹೆಸರು ಹೇಳೂದರಾಗ ನಂದು ಒಂದು ಸಾಲು ಸಸಿ ಮುಗೀತು,” ಎಂದಳು ಹುಲಗಮ್ಮ. ಆದರೂ ಎರಡು ದಾರಿಯೂ ಆರಕ್ಕೇ ಬಂದದ್ದರಿಂದ ಅವಳಿಗೆ ಬಹಳ ಖುಷಿಯಾಯಿತು. ಆರು ಮಡಿಗೆ ಆರು ಗುಂಪು. ಬೀಜ ಬಳಿದು ಸಂಚಿಗೆ ಹಾಕಿಕೊಂಡು ನೆಮ್ಮದಿಯಿಂದ ಉಂಡಳು.

ನೆಮ್ಮದಿ ಬೆಳಗಿನ ಐದು ಗಂಟೆಯ ತನಕ ಬಾಳಿತು. ಟೆಂಪೊ ಬಂದು ನಿಂತಾಗ ಅದರ ಮುಂದಿನ ಸೀಟಿನಲ್ಲಿ, ಕಾಲ ಬುಡದಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು, ವಿರೂಪಾಕ್ಷಮ್ಮ ಆಗಲೇ ಕೂತಿದ್ದಳು.

ಹುಲಗಮ್ಮ ಚಾಲಕ ಗವಿಸಿದ್ದೇಶನ ಕಡೆ ತಿರುಗಿದಳು. “ಗವಿಸಿದ್ದೇಶ, ಟೋಳಿ ಇಪ್ಪತ್ನಾಲ್ಕು ಮಂದಿದು ಅಂತ ಹೇಳಿದ್ನಲ್ಲೋ ನಿನಗ.”

ವಿರೂಪಾಕ್ಷಮ್ಮನೂ ಗವಿಸಿದ್ದೇಶನಿಗೇ ಹೇಳಿದಳು. “ಗವಿಸಿದ್ದೇಶ, ಗಾಡಿ ನಿಂದು, ಗದ್ದಿ ಸಾವಕಾರಂದು. ಕುಂದ್ರಾಕ ಇನ್ಯಾರ ಅಪ್ಪಣಿ ಬೇಕು ಕೇಳು.”

“ನಾನೇನು ನಿಮ್ಮ ಮನಿ ಎಮ್ಮಿ ಏನ್ರಬೇ,” ಎಂದ ಗವಿಸಿದ್ದೇಶ, ಗಾಡಿ ಶುರು ಮಾಡುತ್ತ. ಹಿಂದೆ ಹತ್ತಿದ್ದ ಹೆಂಗಸರು ಮುಸಿಮುಸಿ ನಕ್ಕರು. ಊರ ಮುಂದೆ ಗಂಟು ಹಿಡಿದು ಬಂದವಳನ್ನು ಇಳಿಸುವುದು ಹೇಗೆ? ಹುಲಗಮ್ಮ ಸುಮ್ಮನೆ ಹಿಂದೆ ಹತ್ತಿ ಕೂತಳು.

ಕೊಪ್ಪಳ ದಾಟುವ ಹೊತ್ತಿಗೆ ಲಲಿತಾಳ ಮಡಿಲಲ್ಲಿ ಎರಡು ಸಾಲು ಬೀಜ ಹಚ್ಚಿ ನೋಡಿದಳು. ಈಗ ಇಪ್ಪತ್ತೈದು, ಹದಿನೆಂಟು. ಕಳೆದರೆ ಏಳು. ಹದಿನೆಂಟರಲ್ಲಿ ಏಳು ಹೋದರೆ ಹನ್ನೊಂದು, ಮತ್ತೆ ಏಳು ಹೋದರೆ ನಾಲ್ಕು. ಏಳರಲ್ಲಿ ನಾಲ್ಕು ಹೋದರೆ ಮೂರು. ನಾಲ್ಕರಲ್ಲಿ ಮೂರು ಹೋದರೆ ಒಂದು. ಕೊನೆಗೆ ಎರಡೂ ಕಡೆ ಒಂದೊಂದೇ ಬೀಜ ಉಳಿದು ಮುಖ ನೋಡಿಕೊಂಡವು.

“ಒಂದ ಗುಂಪು,” ಎಂದಳು ಲಲಿತಾ ಮೆಲ್ಲಗೆ. “ನಲವತ್ಮೂರು ಮಂದಿದು.”

“ನೋಡ್ದಿ? ಒಬ್ಬಾಕಿ ಬಂದ್ಲು, ಆರು ಹೋಗಿ ಒಂದಾತು.” ಹುಲಗಮ್ಮ ಬೀಜವನ್ನು ಸಂಚಿಗೆ ಸುರಿದಳು. “ಎಲ್ಲಿ ಹೋದ್ರೂ ಈಕಿದು ಇದ ಕಥಿ.”

ಒಬ್ಬಳನ್ನು ಬಿಟ್ಟರೆ ಆರು, ಸೇರಿಸಿಕೊಂಡರೆ ಒಂದು. ಗಂಗಾವತಿ ಬರುವುದರೊಳಗೆ ಹುಲಗಮ್ಮ ತೀರ್ಮಾನಿಸಿಬಿಟ್ಟಿದ್ದಳು. ಶ್ರೀರಾಮನಗರದಲ್ಲಿ ಇಳಿದ ಕೂಡಲೇ ಗವಿಸಿದ್ದೇಶನಿಗೆ, ಬೇಕಾದಷ್ಟು ಗಟ್ಟಿಯಾಗಿ, “ಹೆಚ್ಚಿಗಿ ಬಂದಾಕಿ ಶೆಡ್ಡಿನ್ಯಾಗ ಅಡಗಿ ಮಾಡಲಿ. ಗದ್ದಿ ಲೆಕ್ಕದಾಗ ಆಕಿ ಇಲ್ಲ,” ಎಂದಳು.

ವಿರೂಪಾಕ್ಷಮ್ಮ ಒಂದು ಗಳಿಗೆ ನಿಂತಳು. ತಳಕಲ್ಲಿನ ಟೋಳಿಯಲ್ಲಿ ಅವಳಷ್ಟು ವೇಗವಾಗಿ ಸಸಿ ನಾಟುವವರು ಇನ್ನೊಬ್ಬರಿಲ್ಲ. ಅದು ಹುಲಗಮ್ಮನಿಗೂ ಗೊತ್ತು, ಗವಿಸಿದ್ದೇಶನಿಗೂ ಗೊತ್ತು.

“ಗವಿಸಿದ್ದೇಶ,” ಎಂದಳು, “ಕೊಪ್ಪಳದ ಬಸ್ಸು ಎಷ್ಟೊತ್ತಿಗೈತಿ?”

“ಹತ್ತಕ್ಕ ಐತ್ರಿ.”

ಗಂಟು ಎತ್ತಿಕೊಂಡು ಕಾಲುವೆ ದಂಡೆಗುಂಟ ನಡೆದು, ಬಸ್ಸು ನಿಲ್ಲುವ ಬೇವಿನ ಗಿಡದ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತಳು.

ಎಂಟೂವರೆಗೆ ಹನುಮಸಾಗರದ ಎರಡು ಕ್ರೂಸರ್ ಬಂದವು. ಮುಂದಿನದರಿಂದ ರಾಜಾಬೀ ಇಳಿದಳು, ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರು. ಹುಲಗಮ್ಮ ಬಾಯಲ್ಲಿ ‘ಬರ್ರಿ, ಬರ್ರಿ’ ಎನ್ನುತ್ತ ಕಣ್ಣಲ್ಲಿ ಎಣಿಸುತ್ತಿದ್ದಳು. ಎಣಿಕೆ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ.

“ರಾಜಾಬೀ, ಇಪ್ಪತ್ತು ಮಂದಿ ಅದಾರಲ್ಲ ಇವರು.”

“ಹದಿನೆಂಟಕ್ಕ.”

“ಇಪ್ಪತ್ತವ್ವ.”

“ಎಲ್ಲೀದು ಬಿಡಕ್ಕ. ಮುಟ್ಟಿ ಎಣಿಸೀನಂತ ಹೇಳಲಿಲ್ಲೇನು ನಿನ್ನೆ. ಇಲ್ಲೆ ನೋಡು.” ರಾಜಾಬೀ ತನ್ನವರನ್ನು ನಿನ್ನೆಯ ಹಾಗೆಯೇ ಎರಡು ಸಾಲಾಗಿ ನಿಲ್ಲಿಸಿದಳು. ಮೊದಲ ಸಾಲಿನ ತುದಿಗೆ ತಾನು ನಿಂತು, ಎದೆ ಮುಟ್ಟಿಕೊಂಡು “ಲಾಭ” ಎಂದಳು. ಪಕ್ಕದವಳ ಭುಜ ಮುಟ್ಟಿ “ಒಂದು” ಎಂದಳು. ಅದರ ಪಕ್ಕದವಳು “ಎರಡು”. ಸಾಲಿನ ಕೊನೆಯವಳು “ಒಂಬತ್ತು”. ಎರಡನೆಯ ಸಾಲಿಗೆ ಬಂದು, ಎಲ್ಲರಿಗಿಂತ ಹಿರಿಯಳಾದ ಹಸನಬೀಯ ತಲೆಯ ಮೇಲೆ ಕೈಯಿಟ್ಟು ಮತ್ತೆ “ಲಾಭ” ಎಂದಳು. “ಒಂದು, ಎರಡು...” ಅಲ್ಲಿಯೂ ಒಂಬತ್ತು. “ಒಂಬತ್ತು, ಒಂಬತ್ತು, ಹದಿನೆಂಟು. ಆತಿಲ್ಲೋ?”

ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು ಎರಡು ಊರಿನಲ್ಲೂ ಇದೆ. ಹುಲಗಮ್ಮ ಹಣೆ ಹಿಡಿದುಕೊಂಡಳು. “ಲಾಭ ಆದ ಮ್ಯಾಲೆ ಎರಡು ಅಲ್ಲೇನ ತಂಗಿ? ಲಾಭ ಅಂದ್ರ ಒಂದು.”

“ಹೆಂಗ ಒಂದು? ನಮ್ಮನ್ಯಾಗ ಜ್ವಾಳ ಅಳೆಯೂ ಮುಂದ ಲಾಭದ ಸೇರು ದರ್ಗಾಕ್ಕ ತಗದಿಡತೀವಿ. ಅದು ನಮ್ಮ ಲೆಕ್ಕಕ್ಕಿಲ್ಲ. ಆಮ್ಯಾಲೆ ಒಂದು ಅಂತ ಸುರು.”

ಹಸನಬೀ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕೇಳಿದಳು. “ಅಂದ್ರ ನನ್ನ ದರ್ಗಾಕ್ಕ ಬಿಟ್ಟೀಯೇನವ್ವ? ನಿನ್ನೆನ ಹೇಳಬೇಕಿಲ್ಲೋ. ಸುಮ್ನ ಇಷ್ಟು ದೂರ ಕ್ರೂಸರ್‌ನ್ಯಾಗ ಮೈ ಕೈ ನೋವು ಮಾಡ್ಕೊಂಡು ಬಂದೆ.”

ನಗು ಮೊದಲು ಹನುಮಸಾಗರದವರಲ್ಲಿ ಎದ್ದು, ತಳಕಲ್ಲಿನವರಿಗೆ ಹಬ್ಬಿ, ಕ್ರೂಸರ್ ಚಾಲಕರ ತನಕ ಹೋಯಿತು. ರಾಜಾಬೀ ಬೆರಳು ಮಡಚಿ ಮತ್ತೊಮ್ಮೆ ತನ್ನೊಳಗೇ ಎಣಿಸಿ, “ಯಾ ಅಲ್ಲಾ, ನನ್ನ ನಾನ ಬಿಟ್ಟೀನಿ,” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹುಲಗಮ್ಮ ಮಾತ್ರ ಆಗಲೇ ನೆಲಕ್ಕೆ ಕೂತು ಬೀಜ ಹಚ್ಚುತ್ತಿದ್ದಳು. ಇಪ್ಪತ್ನಾಲ್ಕು, ಇಪ್ಪತ್ತು. ಕಳೆದರೆ ನಾಲ್ಕು. ಇಪ್ಪತ್ತರಲ್ಲಿ ನಾಲ್ಕು ನಾಲ್ಕು ತೆಗೆಯುತ್ತ ಹೋದರೆ ಕೊನೆಗೆ ನಾಲ್ಕಕ್ಕೇ ಬಂದು ನಿಂತಿತು. ನಾಲ್ಕು ಗುಂಪು, ಒಂದೊಂದರಲ್ಲಿ ಹನ್ನೊಂದು ಮಂದಿ.

ಅಷ್ಟರಲ್ಲಿ ಸೂರಿಬಾಬು ಬಂದ. ಪಂಚೆ ಮೊಣಕಾಲಿನ ತನಕ ಎತ್ತಿ ಕಟ್ಟಿದ್ದ, ಕಟ್ಟಿದ ಮೇಲೂ ಕೆಸರಾಗಿತ್ತು. ಅವನ ಹಿಂದೆ ಆರನೆಯ ಮಡಿಯ ನಟ್ಟನಡುವೆ ಟ್ರ್ಯಾಕ್ಟರು ಅಚ್ಚಿನ ಮಟ್ಟಕ್ಕೆ ಹೂತುಕೊಂಡು, ಎಮ್ಮೆ ಹೊಂಡದಲ್ಲಿ ಮಲಗಿದ ಹಾಗೆ ಕಾಣುತ್ತಿತ್ತು.

“ಐದೇ ಮಡಿ ಹದ ಆಗ್ಯಾವಮ್ಮಾ. ಆರನೇದು ನೋಡ್ತಿದ್ದೀರಿ ಕದಾ. ಐದು ಗುಂಪು ಇಳಿಸು. ಐದು ತುಂಬಿದ್ರ ಉಳಿದದ್ದೆಲ್ಲಾ ನಿಮ್ಮದೇ.” ಕೈಯಲ್ಲಿದ್ದ ಫೋನು ತೋರಿಸಿದ. “ಮಷೀನಿನವನು ಸಂಜಿಗೆ ಕೇಳ್ತಾನ.”

ಹುಲಗಮ್ಮ ನಾಲ್ಕು ಬೀಜಗಳನ್ನೇ ನೋಡುತ್ತಿದ್ದಳು. ಐದು ಮಡಿ, ನಾಲ್ಕು ಗುಂಪು.

“ಹನ್ನೊಂದು ಹನ್ನೊಂದು ಮಂದಿ ಇಳೀರಿ. ಬ್ಯಾಗ ಮುಗಿಸಿ ಐದನೇದಕ್ಕ ಬರ್ರಿ,” ಎಂದ ಸೂರಿಬಾಬು.

“ಮಡಿ ಅಗಲ ನೋಡ್ರಿ ಸಾವಕಾರ್ರ. ಸಾಲಿಗೆ ಒಂಬತ್ತು ಮಂದಿ ಹಿಡಿಸತಾರ, ಭಾಳ ಅಂದ್ರ ಹತ್ತು. ಹನ್ನೊಂದನೇದಾಕಿ ಒಬ್ಬರ ಕಾಲು ತುಳೀತಾಳ, ಇಲ್ಲಾ ಬದುವಿನ ಮ್ಯಾಲೆ ನಿಂತು ಊರ ಸುದ್ದಿ ಹೇಳತಾಳ.”

“ಹಂಗಾದ್ರ ನಿಮ್ಮೂರವರು ನಾಲ್ಕು ಮಂದಿನ ಅಡಗಿಗೆ ಹಚ್ಚು. ಇಪ್ಪತ್ತು ಇಪ್ಪತ್ತು ಆಗತೈತಿ. ಐದು ಗುಂಪು ಬರತಾವ.”

ಲೆಕ್ಕ ಸರಿಯಾಗಿಯೇ ಇತ್ತು. ಲಲಿತಾ ಕೂಡ ಹೌದೆಂದು ತಲೆಯಾಡಿಸಿದಳು. ಹುಲಗಮ್ಮ ಎದ್ದು ನಿಂತು, ಕೈಯನ್ನು ತನ್ನ ಊರಿನವರ ಕಡೆ ಚಾಚಿದಳು. “ಯಾವ ನಾಲ್ಕು ಮಂದಿ ಅಂತ ನೀವ ಹೆಸರು ಹೇಳ್ರಿ.”

ಸೂರಿಬಾಬು ಇಪ್ಪತ್ನಾಲ್ಕು ಮುಖಗಳನ್ನು ಒಂದು ಸುತ್ತು ನೋಡಿದ. ಅಡುಗೆಗೆ ಕೂರುವಂಥ ಮುಖ ಅಲ್ಲಿ ಒಂದೂ ಇರಲಿಲ್ಲ. “ಅದು ನಿಮ್ಮ ಊರಿನ ಮ್ಯಾಟರು,” ಎಂದು ಟ್ರ್ಯಾಕ್ಟರಿನ ಕಡೆ ಹೋಗಿಬಿಟ್ಟ.

ಲಲಿತಾ ಅತ್ತೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. “ಅತ್ತಿ,” ಎಂದಳು, ಬೇರೆ ಯಾರಿಗೂ ಕೇಳದ ಹಾಗೆ, “ನಮ್ಮವರು ಇಪ್ಪತ್ತೈದು ಇದ್ದಿದ್ರ ಐದು ಬರತಿತ್ತು.”

ಹುಲಗಮ್ಮ ಬೀಜ ಸಂಚಿಗೆ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹತ್ತಕ್ಕೆ ಇನ್ನು ಇಪ್ಪತ್ತು ನಿಮಿಷ ಇತ್ತು. ನಲವತ್ತಕ್ಕೂ ಹೆಚ್ಚು ಹೆಂಗಸರು ನೋಡುತ್ತಿರುವಾಗ ಕಾಲುವೆ ದಂಡೆಗುಂಟ ಬೇವಿನ ಗಿಡದ ಕಡೆ ನಡೆದಳು. ಅಷ್ಟು ಉದ್ದದ ದಂಡೆ ಏಳು ವರ್ಷದಲ್ಲಿ ಅವಳು ಕಂಡಿರಲಿಲ್ಲ.

ಕಟ್ಟೆಯ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು. ಎದುರಿಗೆ ಕಾಲುವೆಯ ಅಂಚಿನಲ್ಲಿ ಒಂದು ಕೊಕ್ಕರೆ ಒಂಟಿ ಕಾಲಿನಲ್ಲಿ ನಿಂತಿತ್ತು. ಹುಲಗಮ್ಮ ಗಂಟಲು ಸರಿಮಾಡಿಕೊಂಡಳು.

“ಏ ಕೊಕ್ಕರಿ,” ಎಂದಳು, “ಹನುಮಸಾಗರದವರು ಹದಿನೆಂಟಲ್ಲಂತ, ಇಪ್ಪತ್ತಂತ.”

ವಿರೂಪಾಕ್ಷಮ್ಮ ಬಸ್ಸು ಬರುವ ದಾರಿಯಿಂದ ಕಣ್ಣು ತೆಗೆಯಲಿಲ್ಲ. “ಎಮ್ಮಿ ಮನ್ಯಾಗ ಐತಿ. ಹೇಳೂದಿದ್ರ ನನಗ ಹೇಳು.”

ಕೊಕ್ಕರೆ ಹಾರಿಹೋಯಿತು. ಇನ್ನು ಹೇಳುವುದಕ್ಕೆ ಅವಳನ್ನು ಬಿಟ್ಟರೆ ಯಾರೂ ಉಳಿಯಲಿಲ್ಲ.

“ಹೋದ ವರ್ಷ ನಿನ್ನ ಗುಂಪು ನಾನ ಕೆಡಿಸಿದ್ದು,” ಎಂದಳು ಹುಲಗಮ್ಮ. “ಇಬ್ಬರು ಬಲ್ಲವರು, ಏಳು ಮಂದಿ ಹೊಸಬರು. ನಿನ್ನ ಕೈ ಚುರುಕೈತಿ, ನಡೀತೈತಿ ಅಂತ ಮಾಡಿದ್ದೆ. ನಿನಗೊಂದು ಮಾತು ಕೇಳಲಿಲ್ಲ. ಆಮ್ಯಾಲೆ ಅವರು ಪದ ಹಾಡೂ ಮುಂದ ನಾನೂ ನಕ್ಕೆ.”

“ನಕ್ಕಿದ್ದಿ,” ಎಂದಳು ವಿರೂಪಾಕ್ಷಮ್ಮ. “ಎಲ್ಲಾರಿಗಿಂತ ಗಟ್ಟಿ ನಕ್ಕಿದ್ದಿ. ನಾನು ಸಸಿ ಕಟ್ಟು ಕಾಲವಿಗೆ ಒಗದಿದ್ದು ಅವರ ಪದಕ್ಕಲ್ಲ.”

“ಅಡಗಿ ಮಾಡು ಅಂತ ಹೇಳಿಸಿದ್ದೂ ತಪ್ಪ,” ಎಂದಳು ಹುಲಗಮ್ಮ.

“ಅದೂ ಯಾರ ಕಡಿಂದ? ಗವಿಸಿದ್ದೇಶನ ಕಡಿಂದ.” ವಿರೂಪಾಕ್ಷಮ್ಮನ ದನಿಯಲ್ಲಿ ಸಿಟ್ಟು ಒಂದು ಬೊಟ್ಟು ಇಳಿದಿತ್ತು. “ಈಗ ಯಾಕ ಬಂದಿ?”

“ನೀ ಬಂದ್ರ ಐದು ಗುಂಪು ಸಮ ಬರತಾವ. ಬರಲಿಲ್ಲಂದ್ರ ನಾಲ್ಕು. ಮಡಿ ಐದು ಅದಾವ.”

“ಅಂದ್ರ ಲೆಕ್ಕಕ್ಕ ಬೇಕಾದೆ.”

“ಲೆಕ್ಕಕ್ಕ ಬೇಕಾದಿ ಅಂತ ಕಾಲು ಎತ್ತಿಟ್ಟೆ. ದಂಡಿ ಮ್ಯಾಲೆ ಬರಬರತ ಉಳಿದದ್ದು ನೆಪ್ಪಾತು.”

ವಿರೂಪಾಕ್ಷಮ್ಮ ಈಗ ತಿರುಗಿ ನೋಡಿದಳು. “ಸಮ ಅಂತ ಹೋದ ವರ್ಷನೂ ಬಾಯಿಲೆ ಹೇಳಿದ್ದಿ. ಹಚ್ಚಿ ತೋರಸು.”

ಹುಲಗಮ್ಮ ಸಂಚಿ ಬಿಚ್ಚಿ ಇಬ್ಬರ ನಡುವೆ ಖಾಲಿಯಿದ್ದ ಜಾಗದಲ್ಲಿ ಎರಡು ಸಾಲು ಹಚ್ಚಿದಳು. ಮೇಲಿನದು ಇಪ್ಪತ್ನಾಲ್ಕು, ಕೆಳಗಿನದು ಇಪ್ಪತ್ತು. ಕಳೆಯುತ್ತ ಬಂದು ನಾಲ್ಕಕ್ಕೆ ನಿಲ್ಲಿಸಿದಳು. ವಿರೂಪಾಕ್ಷಮ್ಮ ಬೆರಳಿಟ್ಟು ತಾನೂ ಎಣಿಸಿದಳು.

“ಇದು ನಿಮ್ಮಪ್ಪನ ಹಗ್ಗದ ಲೆಕ್ಕ ಅಲ್ಲೇನ?” ಎಂದಳು. ಮದುವೆಯಾಗಿ ಬಂದ ಹೊಸತರಲ್ಲಿ ಹುಲಗಮ್ಮನ ಜೊತೆ ಅವಳ ತವರಿಗೆ ಹೋಗಿ ತಾನೂ ಆ ಮುದುಕ ಹಗ್ಗ ಮಡಚುವುದನ್ನು ನೋಡಿದ್ದಳು.

“ಹೂಂ.”

“ಮತ್ತೊಮ್ಮೆ ಹಚ್ಚು.”

ಹುಲಗಮ್ಮ ಎರಡು ಸಾಲನ್ನೂ ಮೊದಲಿನಂತೆ ಹಚ್ಚಿದಳು. ಮೇಲಿನ ಸಾಲಿಗೆ ಇನ್ನೊಂದು ಬೀಜ ಸೇರಿಸಲು ಸಂಚಿಗೆ ಕೈ ಹಾಕುವಷ್ಟರಲ್ಲಿ ವಿರೂಪಾಕ್ಷಮ್ಮ ಆ ಕೈಯನ್ನು ಹಿಡಿದು ಬದಿಗೆ ಸರಿಸಿದಳು. ತಾನೇ ಸಂಚಿಯ ನಾಲ್ಕನೆಯ ಅರೆಯಲ್ಲಿ ತಡಕಾಡಿ, ಎರಡು ಮೂರನ್ನು ತಿರುಗಿಸಿ ನೋಡಿ ಬಿಟ್ಟು, ಒಂದು ದಪ್ಪ, ಹೊಳೆಯುವ ಬೀಜ ಆರಿಸಿ ಸಾಲಿನ ತುದಿಗೆ ಇಟ್ಟಳು.

ಇಪ್ಪತ್ತೈದರಲ್ಲಿ ಇಪ್ಪತ್ತು ಹೋಯಿತು, ಐದು. ಇಪ್ಪತ್ತರಲ್ಲಿ ಐದು ಹೋಯಿತು, ಹದಿನೈದು. ಹತ್ತು. ಐದು. ಸಮ.

“ಗುಂಪಿಗೆ ನಮ್ಮವರು ಐದು, ಅವರು ನಾಲ್ಕು,” ಎಂದಳು ಹುಲಗಮ್ಮ.

ಧೂಳೆಬ್ಬಿಸಿಕೊಂಡು ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ಬಗ್ಗಿ, “ಕೊಪ್ಪಳ, ಕೊಪ್ಪಳ, ಹತ್ರಿ ಲಗೂನ,” ಎಂದ. ವಿರೂಪಾಕ್ಷಮ್ಮ ಎದ್ದಳು. ಬಗ್ಗಿ, ತಾನು ಇಟ್ಟ ಬೀಜವನ್ನು ಸಾಲಿನಿಂದ ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬಟ್ಟೆಯ ಗಂಟನ್ನು ಹುಲಗಮ್ಮನ ತೊಡೆಯ ಮೇಲೆ ಹಾಕಿದಳು.

“ಬರೂದಿಲ್ಲಪ್ಪ, ಹೋಗು ನೀ,” ಎಂದಳು ಕಂಡಕ್ಟರಿಗೆ. “ಯಕ್ಕಾ, ಇದನ್ನ ಹೊತ್ಕೊಂಡು ಬಾ. ವರ್ಷದ ಬಡ್ಡಿ.”

ಹತ್ತೂಕಾಲಕ್ಕೆ ಐದು ಗುಂಪು ಐದು ಮಡಿಗೆ ಇಳಿದವು. ಯಾವ ಗುಂಪಿಗೆ ಹೋಗುತ್ತೀ ಎಂದು ಕೇಳಿದಾಗ ವಿರೂಪಾಕ್ಷಮ್ಮ, “ಎಲ್ಲಾ ಸಮ ಅಂದಿಯಲ್ಲ, ಯಾವುದಾದ್ರೇನು,” ಎಂದು ಹೇಳಿ, ಬೇಕಂತಲೇ ಹುಲಗಮ್ಮನ ಪಕ್ಕದ ಮಡಿ ಹಿಡಿದಳು. ಹಸನಬೀಯೂ ಅದೇ ಗುಂಪಿಗೆ ಬಂದಳು. “ದರ್ಗಾಕ್ಕ ಬಿಟ್ಟ ಜೀವ, ಕೈ ನಿಧಾನ ಇರತೈತಿ ನೋಡವ್ವ,” ಎಂದಳು ಅವಳು. ವಿರೂಪಾಕ್ಷಮ್ಮ ಅವಳನ್ನು ತನ್ನ ಎಡಕ್ಕೆ ನಿಲ್ಲಿಸಿಕೊಂಡು, ಹೆಬ್ಬೆರಳು ಎಷ್ಟು ಒಳಗೆ ಹೋಗಬೇಕು, ಸಸಿ ಎಲ್ಲಿ ಬಿಡಬೇಕು ಎಂದು ಮಧ್ಯಾಹ್ನದ ತನಕ ಬೈಯುತ್ತ ಕಲಿಸಿದಳು. ಮಧ್ಯಾಹ್ನದ ಮೇಲೆ ಬೈಯಲಿಲ್ಲ, ಬೈಯುವುದಕ್ಕೆ ಹಸನಬೀ ಏನನ್ನೂ ಉಳಿಸಿರಲಿಲ್ಲ. ಟ್ರ್ಯಾಕ್ಟರು ಮಾತ್ರ ಎರಡು ಸಲ ಎದ್ದು ಮತ್ತೆ ಕೂತಿತು.

ಹೊತ್ತು ಇನ್ನೂ ಒಂದು ಮಾರು ಮೇಲಿರುವಾಗ ವಿರೂಪಾಕ್ಷಮ್ಮನ ಮಡಿ ಮುಗಿಯಿತು. ಅದರ ಹಿಂದೆ ರಾಜಾಬೀಯದು, ಆಮೇಲೆ ಲಲಿತಾಳದು, ಆಮೇಲೆ ನಾಲ್ಕನೆಯದು. ಕೊನೆಗೆ ಉಳಿದದ್ದು ಮುಂದಾಳು ಹುಲಗಮ್ಮನ ಮಡಿ. ಅದರಲ್ಲಿ ಇನ್ನೂ ಎರಡು ಸಾಲು ಬಾಕಿ ಇದ್ದವು. ಬದುವಿನ ಮೇಲೆ ಕೂತ ಮೂವತ್ತಾರು ಮಂದಿ ಎಲೆ ಮಡಚುತ್ತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋದ ವರ್ಷದ ಪದ ಎಲ್ಲರಿಗೂ ನೆನಪಿತ್ತು. ಹಾಡಬಹುದೋ ಬಾರದೋ ಎಂದು ವಿರೂಪಾಕ್ಷಮ್ಮನ ಕಡೆ ನೋಡಿದರು.

ವಿರೂಪಾಕ್ಷಮ್ಮ ಕಾಲಿನ ಕೆಸರು ತೊಳೆಯುತ್ತಿದ್ದವಳು ತಲೆಯೆತ್ತಿ, ಗದ್ದೆಯ ಅಂಚಿಗೆ ಬಂದು ನಿಂತಿದ್ದ ಕೊಕ್ಕರೆಯನ್ನು ಕರೆದಳು.

“ಏ ಕೊಕ್ಕರಿ, ಗುಂಪು ಎಲ್ಲಾ ಸಮ ಅದಾವಂತ. ಹಂಗಾದ್ರ ಕೆಲವರದು ಯಾಕ ಹಿಂದ ಬಿತ್ತು ಕೇಳು.”

ಹುಲಗಮ್ಮ ಬಗ್ಗಿದಲ್ಲಿಂದಲೇ, ಮುಖ ಎತ್ತದೆ, “ಕೊಕ್ಕರಿ, ನಮ್ಮ ಮಡಿ ಒಂದು ಗೇಣು ಅಗಲ ಐತಿ ಅಂತ ಹೇಳು,” ಎಂದಳು.

ಆಗ ಹಾಡು ಎದ್ದಿತು. ಎರಡು ಊರಿನವರೂ ಸೇರಿ, ಹೆಸರು ಬದಲಿಸಿ, ಹೋದ ವರ್ಷಕ್ಕಿಂತ ಒಂದು ನುಡಿ ಹೆಚ್ಚಿಗೆ ಹಾಡಿದರು. ಹುಲಗಮ್ಮ ಕೊನೆಯ ಸಸಿ ನಾಟಿ ಸೊಂಟಕ್ಕೆ ಕೈಯಿಟ್ಟು ನೆಟ್ಟಗಾದಾಗ ಸೂರ್ಯ ಕಾಲುವೆಯ ಆಚೆ ದಂಡೆಯನ್ನು ಮುಟ್ಟಿದ್ದ. ಸೂರಿಬಾಬು ಬದುವಿನ ಮೇಲೆ ಐದೂ ಮಡಿಯನ್ನು ನಡೆದು ನೋಡಿ, ಅಲ್ಲಿಂದಲೇ ಫೋನು ಮಾಡಿ, “ವದ್ದು ಬಾಬೂ, ಮಷೀನು ಬ್ಯಾಡ. ಟ್ರ್ಯಾಕ್ಟರು ಎತ್ತೋದು ಇದ್ದರೆ ಬಾ,” ಎಂದ.

ಶೆಡ್ಡಿಗೆ ಹೋಗುವ ದಾರಿಯಲ್ಲಿ ಹುಲಗಮ್ಮ ಸಂಚಿಯ ಬೀಜ ಎಣಿಸಿದಳು. ನಲವತ್ತೊಂಬತ್ತು. ಎರಡು ಹೆಜ್ಜೆ ಮುಂದೆ ವಿರೂಪಾಕ್ಷಮ್ಮ ಹೋಗುತ್ತಿದ್ದಳು, ಸೆರಗಿನ ತುದಿಯ ಗಂಟು ಬೆನ್ನ ಮೇಲೆ ಆಡುತ್ತಿತ್ತು.

“ವಿರೂಪಾಕ್ಷಿ, ಒಂದು ಬೀಜ ಕಡಿಮಿ ಐತಿ. ಕೊಡಿಲ್ಲೆ.”

“ನನ್ನ ಕಡೆ ಇರಲಿ,” ಎಂದಳು ವಿರೂಪಾಕ್ಷಮ್ಮ, ತಿರುಗಿ ನೋಡದೆ. “ನಾಳೆ ಮುಂಜಾನಿ ಹಚ್ಚೂ ಮುಂದ ನನ್ನ ಕರಿ. ನಾನ ತಂದು ಇಡತೀನಿ.”